ಲ್ಯಾಂಡ್‌ಮಾಸ್ಟರ್ ಮುಂದಿನ ಫೋಟೊ

ಸ್ಟೇರಿಂಗ್ ಪಕ್ಕದಲ್ಲೇ ಗೇರು ಇರುವ ಹಳೆಯ ಕಾರನ್ನು ಓಡಿಸಬಲ್ಲವರು ಬೀದರಿನಲ್ಲಿ ಈಗ ಎಷ್ಟು ಮಂದಿ ಉಳಿದಿದ್ದಾರೆ? ಚಿದ್ರಿಯ ರಾಜರತ್ನನನ್ನು ಕೇಳಿದರೆ ಒಬ್ಬನೇ ಎನ್ನುತ್ತಿದ್ದ. ಆ ಒಬ್ಬ ಯಾರೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ. ಮೂವತ್ತನಾಲ್ಕು ವರ್ಷ ಸರಕಾರಿ ಬಸ್ಸು ಓಡಿಸಿ ನಿವೃತ್ತನಾದವನು, ಅದಕ್ಕೂ ಮೊದಲು ಹೈದರಾಬಾದಿನಲ್ಲಿ ಟ್ಯಾಕ್ಸಿ ಓಡಿಸಿದವನು. ಮನುಷ್ಯ ಕೆಟ್ಟವನಲ್ಲ. ಜಂಬ ಒಂದಿಷ್ಟು ಹೆಚ್ಚು, ಅಷ್ಟೇ.

ಭಾಲ್ಕಿಯ ಬಟ್ಟೆ ವ್ಯಾಪಾರಿ ಹಾವಗೆಪ್ಪ ಸಾವುಕಾರರು ಹಳೆ ಕಾರುಗಳ ರ‍್ಯಾಲಿಯಲ್ಲಿ ತಮ್ಮ ತಂದೆಯ ಕಾಲದ ಲ್ಯಾಂಡ್‌ಮಾಸ್ಟರ್ ಕಾರನ್ನು ನೀವೇ ಓಡಿಸಬೇಕು ಎಂದಾಗ ಅವನು ಉಬ್ಬಿಹೋದ. ರ‍್ಯಾಲಿ ಒಳ್ಳೆಯ ಕೆಲಸಕ್ಕೇ ಇತ್ತು. ಪರರ ರಕ್ತ ಏರಿಸಿಕೊಂಡೇ ಬದುಕಬೇಕಾದ, ಆಸ್ಪತ್ರೆಯಲ್ಲಿ ಮಲಗಿದ ಮಕ್ಕಳಿಗಾಗಿ ರಕ್ತದಾನಿಗಳನ್ನು ಕೂಡಿಸುವುದು. ಬೀದರಿನಿಂದ ಭಾಲ್ಕಿ, ಅಲ್ಲಿಂದ ಸಂತಪುರ, ಕೊನೆಗೆ ಔರಾದಿನಲ್ಲಿ ರಕ್ತದಾನ ಶಿಬಿರ. ಹನ್ನೊಂದು ಕಾರು, ಒಂದೊಂದು ಕಾರಿಗೂ ಒಂದೊಂದು ಮಗುವಿನ ಫೋಟೊ. ಆ ಮಕ್ಕಳಲ್ಲಿ ಒಬ್ಬಳು ರಾಜರತ್ನನ ಮೊಮ್ಮಗಳು, ಏಳು ವರ್ಷದ ಪ್ರಣಾಲಿ.

ಪ್ರಣಾಲಿಯದು ಓ ನೆಗೆಟಿವ್ ರಕ್ತ. ಬೇಕೆಂದಾಗ ಸಿಗುವಂಥದ್ದಲ್ಲ. ಕೊಡುವವರು ಮೂವರಿದ್ದರು. ಈ ಸಲ ಒಬ್ಬನಿಗೆ ಜ್ವರ, ಇನ್ನೊಬ್ಬ ಕೊಟ್ಟು ಮೂರು ತಿಂಗಳಾಗಿರಲಿಲ್ಲ. ಉಳಿದವನು ಸಂತಪುರದ ದರ್ಜಿ ಸಿದ್ದೇಶ್ವರ. ನಾಲ್ಕು ವರ್ಷದಿಂದ ಕರೆದಾಗಲೆಲ್ಲ ಬಸ್ಸು ಹತ್ತಿ ಬಂದು, ರಕ್ತ ಕೊಟ್ಟು, ಚೂರುಬಟ್ಟೆಯಲ್ಲಿ ಹೊಲಿದ ಗೊಂಬೆಯೊಂದನ್ನು ಕೂಸಿನ ಮಂಚದ ಮೇಲಿಟ್ಟು ಹೋಗುವವನು. ರ‍್ಯಾಲಿಯ ದಿನವೇ ಪ್ರಣಾಲಿಯ ರಕ್ತ ತೀರ ಇಳಿಯಿತು. ಸಂಜೆಯೊಳಗೆ ರಕ್ತ ಏರಲೇಬೇಕು, ಪರೀಕ್ಷೆಗೇ ನಾಲ್ಕೈದು ತಾಸು ಬೇಕು ಎಂದರು ಡಾಕ್ಟರು. ಮಗಳು ಉಜ್ವಲಾ ಬೆಳಗಾಗುತ್ತಲೇ ಆಸ್ಪತ್ರೆಯಿಂದ ಫೋನು ಮಾಡಿದಳು.

"ಅಪ್ಪಾ, ರ‍್ಯಾಲಿ ಬಿಡ್ರಿ. ಒಂದ್ ಗಾಡಿ ಮಾಡ್ಕೊಂಡು ಸಂತಪುರಕ್ಕ ಹೋಗಿ ಸಿದ್ದೇಶ್ವರಣ್ಣಗ ಕರ್ಕೊಂಡ್ ಬರ್ರಿ."

"ಅಂವ ಹನ್ನೊಂದರ ಬಸ್ಸಿಗಿ ಬರ್ತೀನಂದಾನವ್ವಾ. ಎಂದಾದ್ರೂ ತಪ್ಪಿಸ್ಯಾನೇನು? ನಾ ಹೋಗಲಿಲ್ಲಂದ್ರ ಸಾವ್ಕಾರ್ರ ಕಾರ್ ನಿಂತಲ್ಲೇ ನಿಂದ್ರತದ. ನಾ ಹೊಂಟಿದ್ದೂ ನಮ್ಮ ಕೂಸಿನ ಸಲುವಾಗೇ ಅಲ್ಲೇನು?"

ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಗಾದೆಯನ್ನು ಉಜ್ವಲಾ ಆಡಲಿಲ್ಲ. ಆಡಬಹುದಿತ್ತು. ರಾಜರತ್ನ ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಿಳಿ ಪ್ಯಾಂಟು ತೊಟ್ಟ. ಉಳಿದ ಕಾರುಗಳ ಗಾಜಿಗೆ ಮಕ್ಕಳ ಸ್ಟಿಕರ್ ಅಂಟಿಸಿದ್ದರು. ಅದು ಅವನಿಗೆ ಹಿಡಿಸಲಿಲ್ಲ. ಗೋಡೆಯ ಮೇಲಿದ್ದ, ಫ್ರೇಮು ಹಾಕಿಸಿದ ಹುಟ್ಟುಹಬ್ಬದ ಫೋಟೊವನ್ನೇ ಇಳಿಸಿ ತಂದು ಲ್ಯಾಂಡ್‌ಮಾಸ್ಟರ್ ಮುಂದೆ ತಂತಿಯಿಂದ ಬಿಗಿದ. ನಮ್ಮ ಕೂಸು ಎಲ್ಲರಿಗಿಂತ ಎದ್ದು ಕಾಣಬೇಕು ಎಂಬುದು ಅವನ ಆಸೆ.

ಭಾಲ್ಕಿಯಲ್ಲಿ ಡೋಲು, ಪಟಾಕಿ. ಹಾವಗೆಪ್ಪನವರ ತಾಯಿ ಲಲಿತಾಬಾಯಿ ಆರತಿ ಹಿಡಿದು ಬಂದು ಕಾರಿಗೆ ಕುಂಕುಮ ಹಚ್ಚಿದರು, ಕಾಯಿ ಒಡೆಸಿದರು. ಬಾನೆಟ್ಟಿಗೆಂದು ತಂದ ಚೆಂಡುಹೂವಿನ ಹಾರ ಗಿಡ್ಡವಾಯಿತು. ಎಂಬತ್ತೈದರ ಮುದುಕಿ, ಕಣ್ಣೂ ಮಂದ. ಹಾರವನ್ನು ಎಲ್ಲಿ ಸಿಗಿಸಬೇಕೆಂದು ತಡಕಾಡಿ, ಫೋಟೊದ ಫ್ರೇಮಿಗೇ ಹಾಕಿ, "ನೂರು ವರ್ಷ ಬಾಳವ್ವಾ" ಎಂದು ಹರಸಿದರು.

ರಾಜರತ್ನ ಹಾರ ತೆಗೆಯಲು ಕೈ ಚಾಚಿದ. ಬದುಕಿರುವವರ ಫೋಟೊಗೆ ಹಾರ ಹಾಕಬಾರದು. ಅದು ತೊಟ್ಟಿಲ ಕೂಸಿಗೂ ಗೊತ್ತು. ಆದರೂ ಕೈಯನ್ನು ಹಿಂದೆಗೆದ. ಗಾಡಿಗೆ ಬಿದ್ದ ಹಾರವನ್ನು ಡ್ರೈವರು ತೆಗೆಯಬಾರದು, ತಾನಾಗಿ ಒಣಗಿ ಉದುರಬೇಕು ಎಂಬುದು ಅವನು ಡಿಪೋದಲ್ಲಿ ಮೂವತ್ತನಾಲ್ಕು ದಸರೆ ಪಾಲಿಸಿದ ನೇಮ. ಮೇಲಾಗಿ ಹಿರಿಯ ಜೀವ ಹರಸಿ ಹಾಕಿದ್ದು. ಇವೆಲ್ಲ ಅವನು ಮನಸ್ಸಿಗೆ ಹೇಳಿಕೊಂಡ ಕಾರಣಗಳು. ನಿಜ ಹೇಳಬೇಕೆಂದರೆ, ಅಷ್ಟರಲ್ಲಿ ಪತ್ರಿಕೆಯವರು ಕ್ಯಾಮೆರಾ ಹಿಡಿದು ಸುತ್ತುವರಿದಿದ್ದರು, ಅವನು ಸ್ಟೇರಿಂಗ್ ಮುಂದೆ ನೆಟ್ಟಗೆ ಕುಳಿತು ಮೀಸೆ ಸವರಿಕೊಂಡ.

ಸಂತಪುರದ ಬಸ್ ನಿಲ್ದಾಣದಲ್ಲಿ ಸಿದ್ದೇಶ್ವರ ಚೀಲ ಹಿಡಿದು ನಿಂತಿದ್ದ. ಅವನನ್ನು ಕಂಡದ್ದೇ ರಾಜರತ್ನನಿಗೆ ಧೈರ್ಯ ಬಂತು. ನೋಡವ್ವಾ ಉಜ್ವಲಾ, ನಾ ಹೇಳಲಿಲ್ಲೇನು ಎಂದುಕೊಂಡ. ಸಿದ್ದೇಶ್ವರ ಕಾರನ್ನು ನೋಡಿ ಚಪ್ಪಲಿ ಕಳಚಿ ಬರಿಗಾಲಲ್ಲಿ ನಿಂತು, ತಲೆ ತಗ್ಗಿಸಿ ಕಣ್ಣು ಮುಚ್ಚಿ ಎರಡೂ ಕೈ ಮುಗಿದ. ಎದುರಾದಾಗಲೆಲ್ಲ ಕೈ ಮುಗಿದು ಶರಣು ಎನ್ನುವ ಮನೆತನ ಅವನದು. ರಾಜರತ್ನ ಎರಡು ಸಲ ಹಾರ್ನ್ ಹೊಡೆದು, ನಕ್ಕು, ಕೈ ಬೀಸಿ ಮುಂದೆ ಹೋದ.

ಔರಾದಿನಲ್ಲಿ ಪೆಂಡಾಲು, ಭಾಷಣ, ಪಕ್ಕದ ಶಾಲೆಯಲ್ಲಿ ರಕ್ತದಾನ. ಅಂಗಿಯ ಜೇಬಿನಲ್ಲಿ ಫೋನು ಮೂರು ಸಲ ಬಡಕೊಂಡದ್ದು ಡೋಲಿನ ಗದ್ದಲದಲ್ಲಿ ಕೇಳಿಸಿರಲಿಲ್ಲ. ನಾಲ್ಕನೆಯ ಸಲಕ್ಕೆ ಎತ್ತಿಕೊಂಡು, ಕೇಳಿಸಲೆಂದು ಸ್ಪೀಕರ್ ಒತ್ತಿದಾಗ ಒಂದೂವರೆಯಾಗಿತ್ತು.

"ಅಪ್ಪಾ, ಎಲ್ಲಿದ್ದೀರಿ? ಸಿದ್ದೇಶ್ವರಣ್ಣ ಬಂದೇ ಇಲ್ಲರಿ. ಫೋನ್ ಬಂದ್ ಅದ. ಕೂಸಿಗಿ ಎದ್ದು ಕೂಡಲಿಕ್ಕಾಗವಲ್ದು, ದಮ್ಮು ಹತ್ಯಾದ."

"ಬಂದಿಲ್ಲ? ಸಂತಪುರದಾಗ ನಾನೇ ನೋಡೀನಿ. ನನಗ ಚಪ್ಪಲ್ ಬಿಟ್ಟು ಕೈ ಮುಗದ..."

ಶರಣು ಎನ್ನುವವನು ಚಪ್ಪಲಿ ಯಾಕೆ ಬಿಡುತ್ತಾನೆ? ಚಪ್ಪಲಿ ಬಿಟ್ಟು ಕೈ ಮುಗಿಯುವುದು ಹೆಣ ಹೋಗುವಾಗ. ರಾಜರತ್ನ ಕಾರಿನ ಮುಂದೆ ಬಂದು ನೋಡಿದ. ಫ್ರೇಮು, ಫ್ರೇಮಿನಲ್ಲಿ ನಗುವ ಕೂಸು, ಕೊರಳಿಗೆ ಹಾರ. ಓಡಿಸುತ್ತಿದ್ದವನು ಬಿಳಿ ಬಟ್ಟೆಯ ಅಜ್ಜ.

"ಕಾಕಾ," ಎಂದು ಯಾರೋ ಹೆಗಲು ಮುಟ್ಟಿದರು. ಸಿದ್ದೇಶ್ವರ. ಅತ್ತು ಕಣ್ಣು ಕೆಂಪಾಗಿದ್ದವು. ಮೊಣಕೈ ಮಡಿಕೆಯಲ್ಲಿ ಹತ್ತಿ ಅಂಟಿಸಿತ್ತು.

"ಬಸ್ಸು ಬಂತು, ಹತ್ತಲಿಲ್ಲರಿ. ಹತ್ತಿ ಯಾರ ಸಲುವಾಗಿ ಹೋಗ್ಲಿ? ಅಕ್ಕಗ ಫೋನ್ ಹಚ್ಚಿ ಏನಂತ ಕೇಳ್ಲಿ? ಆ ಸುದ್ದಿ ಕಿವಿಲೆ ಕೇಳಬಾರ್ದಂತ ಫೋನೇ ಬಂದ್ ಮಾಡಿದೆ. ನಿಮ್ಮ ಹಿಂದ ಇಲ್ಲಿಗಿ ಬಂದು ಕೂಸಿನ ಹೆಸರ್ಲೆ ರಕ್ತ ಕೊಟ್ಟೆ, ಕಾಕಾ. ಬ್ಯಾರೆ ಯಾವ ಕೂಸರೆ ಬದಕ್ಲಿ."

ರಾಜರತ್ನನ ಕೈಯಲ್ಲಿದ್ದ ಫೋನಿನಿಂದಲೇ ಬಳಲಿದ ಸಣ್ಣ ದನಿಯೊಂದು ಬಂತು. "ಅವ್ವಾ, ಗೊಂಬಿ ಕಾಕಾ ಬಂದಾನೇನು? ಅವನ ದನಿ ಕೇಳ್ತು."

ಸಿದ್ದೇಶ್ವರ ಆ ಫೋನನ್ನೇ ನೋಡುತ್ತ ನಿಂತ. ಕೂಸು ಬದುಕಿದೆ ಎಂದು ಹೊಳೆದದ್ದೇ ಶಾಲೆಯತ್ತ ಓಡಿದ. ರಾಜರತ್ನ ಫೋನು ಹಿಡಿದುಕೊಂಡೇ ಅವನ ಬೆನ್ನು ಹತ್ತಿದ. ಒಳಗೆ ನರ್ಸ್ ಅಂಜುಮ ರಕ್ತದ ಚೀಲಗಳನ್ನು ಐಸ್ ಪೆಟ್ಟಿಗೆಯಲ್ಲಿ ಜೋಡಿಸುತ್ತಿದ್ದಳು. ಸಿದ್ದೇಶ್ವರ ಅವಳೆದುರು ಇನ್ನೊಂದು ತೋಳು ಚಾಚಿದ.

"ಇದರಾಗಿಂದ ತಗೋರಿ ಸಿಸ್ಟರ್. ಕೂಸು ಅದಾಳರಿ. ಬದಕ್ಯಾಳ. ಆ ರಕ್ತ ಅಕಿಂದು, ಅಕಿಗೇ ಕೊಡ್ರಿ. ಅದರ ಬದ್ಲಿ ಈ ಕೈದು ತಗೋರಿ, ಹಾಂಗೇ ಅದ."

"ಹುಚ್ಚ ಹಿಡದದೇನ್ರಿ ಭಾಯಿ? ಕೈ ಎರಡಿದ್ರೂ ರಕ್ತ ಒಂದೇ," ಎಂದಳು ಅಂಜುಮ. ಅವನ ಮುಖ ನೋಡಿ ದನಿ ತಗ್ಗಿಸಿದಳು. "ನಿಮ್ಮ ಚೀಲ ಇಲ್ಲೇ ಅದ. ನಂಬರ್ ನೋಡಿ ತೆಗಿತೇನಿ. ಜೀಪಿನ್ಯಾಗ ಈಗಿಂದೀಗ ಬೀದರಿಗಿ ಒಯ್ತೇನಿ. ಆದ್ರ ಅಲ್ಲಿ ಪರೀಕ್ಷೆ ಮುಗಿಯೋದು ರಾತ್ರಿ ಎಂಟಾಗ್ತದ. ಮುಂಜಾನೇ ಅಲ್ಲಿ ಕೊಟ್ಟಿದ್ರ ಇಷ್ಟೊತ್ತಿಗೆ ಏರಸ್ತಿದ್ರು."

ಅವಳು ಪೆಟ್ಟಿಗೆ ಎತ್ತಿಕೊಂಡು ಜೀಪಿನತ್ತ ನಡೆದಳು. ಫೋನು ಇನ್ನೂ ಚಾಲೂ ಇತ್ತು. ಉಜ್ವಲಾ ಎಲ್ಲವನ್ನೂ ಕೇಳಿದ್ದಳು.

"ಅಪ್ಪಾ, ಅಣ್ಣ ಹಾಂಗ್ಯಾಕ ತಿಳ್ಕೊಂಡ?"

ಸುಳ್ಳು ಹೇಳಬಹುದಿತ್ತು. ರಾಜರತ್ನ ಹೇಳಲಿಲ್ಲ. ಅಷ್ಟು ಮಾತ್ರ ಅವನ ಲೆಕ್ಕಕ್ಕೆ ಬರೆಯಬೇಕು.

"ಕಾರಿನ ಮುಂದ ಕೂಸಿನ ಫೋಟೊ ಕಟ್ಟಿದ್ದೆ. ಭಾಲ್ಕಿದಾಗ ಅದಕ್ಕ ಹಾರ ಬಿತ್ತವ್ವಾ."

"ಬೀಳೋ ಮುಂದ ನೀವು ಅಲ್ಲೇ ಇದ್ರಿ?"

"ಇದ್ದೆ."

"ನೋಡಿದ್ರಿ?"

"ನೋಡಿದೆ."

ಆ ಕಡೆಯಿಂದ ಕೂಸಿನ ಏದುಸಿರು ಕೇಳಿಸಿತು.

"ರಕ್ತ ಕಳಸ್ರಿ," ಎಂದಳು ಉಜ್ವಲಾ. ದನಿ ಏರಿರಲಿಲ್ಲ. "ಅಣ್ಣಗೂ ಕಳಸ್ರಿ, ಕೂಸಿಗಿ ಕಣ್ಣಲೆ ನೋಡ್ಲಿ. ನೀವ್ ಬರಬ್ಯಾಡ್ರಿ."

ಜೀಪು ಚಾಲೂ ಆಯಿತು. ಪೆಟ್ಟಿಗೆಯ ಪಕ್ಕ ಕುಳಿತ ಸಿದ್ದೇಶ್ವರ ಸರಿದು ಜಾಗ ಮಾಡಿ, "ಹತ್ರಿ ಕಾಕಾ, ಲಗು ಹತ್ರಿ" ಎಂದ. ರಾಜರತ್ನ ತಲೆ ಅಲ್ಲಾಡಿಸಿ ಬಾಗಿಲು ಮುಚ್ಚಿದ. ಜೀಪು ಬೀದರಿನ ರಸ್ತೆ ಹಿಡಿಯಿತು. ಮೈಕಿನಲ್ಲಿ ಅವನ ಹೆಸರು ಕೂಗಿ, ಶಾಲು ಹೊದಿಸಲು ವೇದಿಕೆಗೆ ಕರೆಯುತ್ತಿದ್ದರು. ಅವನು ಶಾಲೆಯ ಮೆಟ್ಟಿಲ ಮೇಲೆ ಕುಕ್ಕರಿಸಿದ. ರಾತ್ರಿ ಎಂಟಕ್ಕೆ ಇನ್ನೂ ಆರು ತಾಸಿತ್ತು, ಮತ್ತು ಮಗಳು ಬಾ ಎನ್ನುವವರೆಗೆ ಎಲ್ಲಿಗೆ ಹೋಗಬೇಕೆಂದು ಅವನಿಗೆ ತಿಳಿಯಲಿಲ್ಲ.