ಕೆಂಪು ಬಟ್ಟೆ ಕಟ್ಟಿದ ಅರ್ಜಿ

ವಿಮೆಯ ಅರ್ಜಿಗಳು ಮೂರು ದಿನದಿಂದ ಮನೆಯೊಳಗೆ ಜಾಗ ಬದಲಿಸುತ್ತಲೇ ಇದ್ದವು. ಮೊದಲು ಕಪಾಟಿನ ಮೇಲೆ, ಆಮೇಲೆ ಹಾಸಿಗೆಯ ಕೆಳಗೆ, ಈಗ ಅಡುಗೆಮನೆಯ ಮೇಜಿನ ಮೇಲೆ ಉಪ್ಪಿನ ಡಬ್ಬಿಯ ಅಡಿಯಲ್ಲಿ. ಎತ್ತಿಡುತ್ತಿದ್ದವನು ಡಿಗ್ರಿ. ಇಪ್ಪತ್ತು ವರ್ಷದಿಂದ ಹಾಲಿನ ಕೇಂದ್ರದಲ್ಲಿ ಗಾಜಿನ ಕೊಳವೆ ಇಳಿಬಿಟ್ಟು, ಹಾಲಿಗೆ ನೀರು ಬೆರೆಸಿದ್ದಾರೋ ಇಲ್ಲವೋ ಎಂದು ಡಿಗ್ರಿ ನೋಡುವ ಕೆಲಸ ಅವನದು. ಆ ಹೆಸರು ಹಾಗೆ ಅಂಟಿಕೊಂಡಿತ್ತು. ಸಿಟ್ಟು ಬಂದಾಗ ಹೆಂಡತಿಯೂ ಹಾಗೆಯೇ ಕರೆಯುತ್ತಿದ್ದಳು.

ಕೇಂದ್ರದ ಕೆಲಸಗಾರರಿಗೂ ಮನೆಯವರಿಗೂ ಆರೋಗ್ಯ ವಿಮೆ ಮಾಡಿಸಲು ವಿಮಾ ಕಂಪನಿಯ ಹೆಂಗಸೊಬ್ಬಳು ಕೇಂದ್ರದಲ್ಲೇ ಬಂದು ಕೂತಿದ್ದಳು. ಇವತ್ತು ಐದು ಗಂಟೆಗೆ ಗಂಟುಮೂಟೆ ಕಟ್ಟುತ್ತಾಳೆ. ಈಗ ಎರಡೂವರೆ. ಡಿಗ್ರಿ ಕುರ್ಚಿಯಲ್ಲಿ ಕೂತ, ಎದ್ದ, ಕಿಟಕಿಯ ತನಕ ಹೋಗಿ ಬಂದು ಮತ್ತೆ ಅದೇ ಹಾಳೆ ಹಿಡಿದ.

"ಓದಿದ್ದನ್ನೇ ಎಷ್ಟು ಸಲ ಓದ್ತೀರಿ? ಅಕ್ಷರ ಸವೆದು ಹೋಗುತ್ತೆ," ಎಂದಳು ಹೆಂಡತಿ.

"ಮೂರು ಥರ ಇದೆಯಲ್ಲೇ. ಒಂದರಲ್ಲಿ ಮನೆಮಂದಿಗೆಲ್ಲ ಸೇರಿ ಐದು ಲಕ್ಷ, ಯಾರು ಬೇಕಾದ್ರೂ ಬಳಸಬಹುದು. ಇನ್ನೊಂದರಲ್ಲಿ ಒಬ್ಬೊಬ್ಬರಿಗೆ ಬೇರೆ ಬೇರೆ. ಮೂರನೇದು ಅಗ್ಗ. ಆದರೆ ಆಸ್ಪತ್ರೆ ಖರ್ಚಲ್ಲಿ ಮೊದಲ ಎರಡು ಲಕ್ಷ ನಮ್ಮದೇ, ಅದರ ಮೇಲಿನದ್ದಷ್ಟೇ ಅವರದು."

"ಅಂದ್ರೆ ಕುತ್ತಿಗೆ ತನಕ ಮುಳುಗಿದ ಮೇಲೆ ಹಗ್ಗ ಎಸೀತಾರೆ. ಅದನ್ನ ಪಕ್ಕಕ್ಕಿಡಿ."

ಅದನ್ನು ಅವನು ಆಗಲೇ ಪಕ್ಕಕ್ಕಿಟ್ಟಿದ್ದ. ಅವನನ್ನು ಕೊರೆಯುತ್ತಿದ್ದದ್ದು ಬೇರೆ. ಮನೆಯಲ್ಲಿ ಇರುವುದು ಮೂವರು: ಅವನು, ಹೆಂಡತಿ, ಅಕ್ಕ. ಅಕ್ಕ ಅವನಿಗಿಂತ ಹದಿನಾಲ್ಕು ವರ್ಷ ದೊಡ್ಡವಳು. ಎತ್ತಿ ಆಡಿಸಿದವಳು, ಗಂಡ ಹೋದ ಮೇಲೆ ಇಲ್ಲಿಗೆ ಬಂದವಳು. ಇತ್ತೀಚೆಗೆ ಅವಳು ಮೆಟ್ಟಿಲ ಮಧ್ಯೆ ನಿಂತು, ಏದುಸಿರು ಬಿಡುತ್ತ ಕೂದಲು ಬಿಚ್ಚಿ ಕಟ್ಟಿಕೊಳ್ಳುತ್ತಿದ್ದಳು. ದಿನಕ್ಕೆ ನಾಲ್ಕು ಸಲ ಕಟ್ಟುವಷ್ಟು ಕೂದಲು ಆ ತಲೆಯಲ್ಲಿ ಇರಲಿಲ್ಲ. ಅರ್ಜಿಯ ಎರಡನೇ ಪುಟದಲ್ಲಿ 'ಈಗಾಗಲೇ ಇರುವ ಕಾಯಿಲೆ' ಎಂಬ ಸಾಲೊಂದಿತ್ತು. ಅಕ್ಕನ ಅರ್ಜಿಯಲ್ಲಿ ಅದನ್ನು ಖಾಲಿ ಬಿಟ್ಟಿದ್ದ.

ಬಾಗಿಲಲ್ಲಿ ಯಾರೋ ಕೂಗಿದರೆಂದು ಅವನು ಹೊರಗೆ ಹೋದ. ಬರುವಷ್ಟರಲ್ಲಿ ಅಕ್ಕ ಉಪ್ಪಿನ ಡಬ್ಬಿ ಎತ್ತಿದ್ದಳು.

"ಇದು ನನ್ನದಾ?" ಎಂದಳು. ಕೈಯಲ್ಲಿ ಅವಳ ಅರ್ಜಿ. ಮೂಲೆಯ ಪಿನ್ನಿಗೆ ಕೆಂಪು ಬಟ್ಟೆಯ ಚೂರು ಕಟ್ಟಿತ್ತು.

ಡಿಗ್ರಿ ಬಾಗಿಲಲ್ಲೇ ನಿಂತ. ಕೇಂದ್ರದಲ್ಲಿ ಅನುಮಾನದ ಹಾಲಿನ ಕ್ಯಾನಿಗೆ ಕೆಂಪು ಚೂರು ಕಟ್ಟಿ ಗೋಡೆಯ ಪಕ್ಕ ಇಡುತ್ತಾರೆ, ಬೇರೆ ಹಾಲಿಗೆ ಬೆರೆಸುವುದಿಲ್ಲ. ಬೆಳಿಗ್ಗೆ ಜೇಬಿನಲ್ಲಿದ್ದ ಚೂರನ್ನು ಅಭ್ಯಾಸಬಲದಿಂದ ಅರ್ಜಿಗೂ ಕಟ್ಟಿಬಿಟ್ಟಿದ್ದ. ಅಕ್ಕ ಅದೇ ಕೇಂದ್ರದಲ್ಲಿ ಹನ್ನೆರಡು ವರ್ಷ ಕ್ಯಾನು ತೊಳೆದವಳು.

"ಅದು ಕೇಳೋದಿದೆ ಅಂತ ಗುರುತು, ಅಕ್ಕ."

"ಗುರುತು ನನಗೆ ಗೊತ್ತು. ಆ ಗುರುತಿನ ಕ್ಯಾನುಗಳನ್ನ ಚರಂಡಿಗೆ ಸುರಿದವಳು ನಾನೇ." ಅವಳ ದನಿ ಏರಲಿಲ್ಲ. "ನನ್ನ ಹೆಸರು ಬಿಟ್ಟು ನೀವಿಬ್ಬರೂ ಮಾಡಿಸ್ಕೊಳ್ಳಿ."

"ನಿಮ್ಮ ತಮ್ಮ ಯಾವುದಕ್ಕೆ ಕಟ್ಟಲ್ಲ ಹೇಳಿ," ಎಂದು ಹೆಂಡತಿ ನಡುವೆ ಬಾಯಿ ಹಾಕಿದಳು. "ರಿಪೇರಿ ಮರೀಬಾರದು ಅಂತ ಸೈಕಲ್ಲಿಗೆ ಕಟ್ಟಿ ಆರು ತಿಂಗಳು ಹಾಗೇ ಓಡಾಡಿದರು. ನೋಡಿದವರೆಲ್ಲ ಮೆರವಣಿಗೆ ಯಾವಾಗ ಅಂತ ಕೇಳೋರು."

ಅಕ್ಕ ನಗಲಿಲ್ಲ. "ಹಾಗಾದ್ರೆ ನಿಮ್ಮಿಬ್ಬರದು ಒಂದೇ ಕಾಗದ, ನನ್ನದ್ಯಾಕೆ ಬೇರೆ?"

ಅವನು ಕೂತ. ಅವಳನ್ನೂ ಕೂರಿಸಿದ. "ಮೂವರೂ ಒಂದರಲ್ಲೇ ಸೇರಿದರೆ ಎಲ್ಲರಿಗಿಂತ ದೊಡ್ಡವರ ವಯಸ್ಸು ನೋಡಿ ಕಂತು ಹಾಕ್ತಾರೆ. ಅದೂ ಹೋಗಲಿ. ನಾನು ಜಾರಿಬಿದ್ದು ಸೊಂಟ ಮುರ್ಕೊಂಡೆ ಅನ್ನು, ಇದ್ದದ್ದೆಲ್ಲ ನನಗೇ ಖರ್ಚಾಗುತ್ತೆ. ಆ ವರ್ಷ ನಿನಗೇನಾದರೂ ಆದರೆ ಕೈ ಖಾಲಿ. ಬೇರೆ ಮಾಡಿಸಿದರೆ ನಿನ್ನ ಐದು ಲಕ್ಷ ನಿನ್ನದೇ, ಅದಕ್ಕೆ ನಾವು ಕೈ ಹಾಕೋ ಹಾಗಿಲ್ಲ."

"ಇದನ್ನ ಮೂರು ದಿನದಿಂದ ಬಾಯಲ್ಲಿ ಇಟ್ಕೊಂಡು ಓಡಾಡಿದ್ಯಾ?"

"ಹೇಳಿದ್ರೆ ಆ ಖಾಲಿ ಜಾಗದ್ದೂ ಕೇಳಬೇಕಿತ್ತು." ಅವನು ಮೇಜಿನ ಅಂಚು ಉಜ್ಜಿದ. "ಎಷ್ಟು ದಿನದಿಂದ, ಅಕ್ಕ?"

"ಏನು?"

"ಮೆಟ್ಟಿಲ ಮೇಲೆ ಕೂದಲು ಕಟ್ಕೊಳ್ಳೋದು."

ಅಕ್ಕ ಒಳಗೆ ಹೋದಳು. ಪೆಟ್ಟಿಗೆಯ ಮುಚ್ಚಳ ಕಿರುಗುಟ್ಟಿತು. ಬಂದು ನಾಲ್ಕು ಮಡಿಕೆಯ ಚೀಟಿ ಇಟ್ಟಳು. ವರ್ಷದ ಕೆಳಗೆ, ಗೆಳತಿಯ ಮನೆಗೆಂದು ಹೇಳಿ ವೈದ್ಯರ ಹತ್ತಿರ ಹೋಗಿದ್ದಳು. ಹೃದಯದ ಒಂದು ಕವಾಟ ಸರಿಯಾಗಿ ಮುಚ್ಚುತ್ತಿಲ್ಲ, ಮುಂದೊಂದು ದಿನ ಶಸ್ತ್ರಚಿಕಿತ್ಸೆ ಬೇಕಾಗಬಹುದು ಎಂದಿದ್ದರಂತೆ.

ಹೆಂಡತಿ ಮೆಲ್ಲಗೆ ಕೇಳಿದಳು, "ಬರೀದಿದ್ರೆ?"

ಡಿಗ್ರಿಗೂ ನಾಲಿಗೆಯ ತುದಿಯಲ್ಲಿದ್ದದ್ದು ಅದೇ. ಬರೆದರೆ ಆ ಕಾಯಿಲೆಗೆ ಎರಡು ವರ್ಷ ಕಾಯಬೇಕು ಎಂದು ವಿಮೆಯ ಹೆಂಗಸು ಹೇಳಿದ್ದಳು; ಬರೆಯದಿದ್ದರೆ ಬರುವ ತಿಂಗಳಿಂದಲೇ ಎಲ್ಲ ಜಾರಿ. ಕವಾಟ ಎರಡು ವರ್ಷ ತಡೆಯದಿದ್ದರೆ? ಅವನು ಎದ್ದು ಕಿಟಕಿಗೆ ಹೋದ. ನೀರು ಬೆರೆಸಿದ ಎಷ್ಟು ಜನ ಅವನೆದುರು ಕೈಹಿಸುಕಿಕೊಂಡು ನಿಂತಿದ್ದರು, ಇದೊಂದು ದಿನ ನೋಡಿಯೂ ನೋಡದಂತೆ ಬಿಡು ಅಂದಿದ್ದರು. ಒಬ್ಬರನ್ನೂ ಬಿಟ್ಟಿರಲಿಲ್ಲ. ಈಗ ಅವರೆಲ್ಲರ ಮುಖ ಅವನಿಗೆ ಸ್ಪಷ್ಟವಾಗಿ ಕಂಡಿತು.

"ಬರೀದೆ ಬಿಡೋಣ," ಎಂದ.

"ಬಿಟ್ಟರೆ?" ಎಂದಳು ಅಕ್ಕ. "ಆಸ್ಪತ್ರೆಯಲ್ಲಿ ಮಲಗಿಸಿದ ಮೇಲೆ ಅವರು ಹಳೇ ಚೀಟಿ ಹುಡುಕಲ್ವಾ? ಆ ವೈದ್ಯರ ಪುಸ್ತಕದಲ್ಲಿ ನನ್ನ ಹೆಸರು, ತಾರೀಕು ಎರಡೂ ಇದೆ. ಆಮೇಲೆ ಎರಡು ವರ್ಷ ಅಲ್ಲ, ಎಂದಿಗೂ ಇಲ್ಲ. ನಿನಗೆ ಹೆದರಿಕೆ ಹತ್ತಿದೆ, ಅದಕ್ಕೆ ಬುದ್ಧಿ ಓಡ್ತಿಲ್ಲ. ಪೆನ್ನು ಕೊಡು."

ಖಾಲಿ ಸಾಲಿನಲ್ಲಿ ಅವಳೇ ಬರೆದಳು. ದೊಡ್ಡ ಅಕ್ಷರ, ಕೊನೆಯ ಪದ ಗೆರೆ ದಾಟಿತು.

ಅವನೂ ಅಕ್ಕನೂ ಕೇಂದ್ರ ಮುಟ್ಟುವಾಗ ನಾಲ್ಕೂವರೆ. ವಿಮೆಯ ಹೆಂಗಸು ಅರ್ಜಿ ತಿರುಗಿಸಿ ನೋಡಿದಳು. "ಹೃದಯಕ್ಕೆ ಎರಡು ವರ್ಷ ಕಾಯಬೇಕು. ಉಳಿದ ಕಾಯಿಲೆಗೆ ಒಂದು ತಿಂಗಳು. ತಪಾಸಣೆ ಮಾಡಿಸಿ ಕಂತು ಸ್ವಲ್ಪ ಏರಿಸಬಹುದು, ಒಪ್ಪಿಗೆ ಮೇಲಿನವರದ್ದು. ಈ ಚೀಟಿಯ ನಕಲು ಬೇಕು."

ನಕಲು ತೆಗೆಯುವ ಅಂಗಡಿ ಪಕ್ಕದ ಬೀದಿಯಲ್ಲಿ. ಡಿಗ್ರಿ ಓಡಿದ. ಯಂತ್ರ ಹಾಳೆ ಕಚ್ಚಿಕೊಂಡಿತು. ಅಂಗಡಿಯವನು ಅದರ ಹೊಟ್ಟೆ ಬಿಚ್ಚಿ ಇಷ್ಟಿಷ್ಟೇ ಎಳೆಯುತ್ತಿದ್ದರೆ ಇವನು ಗಡಿಯಾರ ನೋಡಿ ನೋಡಿ ಸಾಕಾದ. ಐದಕ್ಕೆ ನಾಲ್ಕು ನಿಮಿಷ ಇರುವಾಗ ಮುದ್ರೆ ಬಿತ್ತು.

ಹೊರಗೆ ಬಂದು ಇಬ್ಬರೂ ನಡೆದರು. ಅವನು ನಾಲ್ಕು ಹೆಜ್ಜೆ ಮುಂದೆ ಹೋಗುವುದು, ನಿಲ್ಲುವುದು.

"ಎರಡು ವರ್ಷ, ಅಕ್ಕ."

"ಕೇಳಿಸ್ತು." ಅವಳು ನಿಂತು ಉಸಿರು ಎಳೆದುಕೊಂಡಳು, ಏನೂ ನೆಪ ಹೂಡಲಿಲ್ಲ. "ಆವತ್ತು ಆ ವೈದ್ಯರು ಮಾತ್ರೆ, ಪಥ್ಯ ಏನೇನೋ ಹೇಳಿದರು. ಒಬ್ಬಳೇ ಇದ್ದೆ. ಅರ್ಥ ಆಗಲಿಲ್ಲ, ಸುಮ್ಮನೆ ತಲೆಯಾಡಿಸಿ ಬಂದೆ. ನೀನೊಂದು ಸಲ ಬಂದು ಕೇಳ್ಕೋ."

"ನಾಳೆ ಬೆಳಿಗ್ಗೆ ಏಳಕ್ಕೇ ಹೋಗೋಣ."

"ಏಳಕ್ಕೆ ಹಾಲು?"

"ಬೇರೆ ಯಾರಾದ್ರೂ ನೋಡ್ಲಿ." ಎರಡು ಹೆಜ್ಜೆ ಇಟ್ಟು ಥಟ್ಟನೆ ನಿಂತ. "ಚೀಟಿ ಅಲ್ಲೇ ಬಿಟ್ಟೆವಾ?"

"ನಿನ್ನ ಜೇಬಲ್ಲಿದೆ."

ಮುಟ್ಟಿ ನೋಡಿಕೊಂಡ, ಇತ್ತು. ತಿರುವಿನ ಹತ್ತಿರ ಇನ್ನೊಮ್ಮೆ ಮುಟ್ಟಿ ನೋಡಿಕೊಂಡ.