ಮಹಾದ್ವಾರದ ಒಳಗಿನ ತಂಗುಮನೆ

ಬೆಟ್ಟದ ದೇಗುಲಕ್ಕೆ ಬಂದವರು ಉಳಿಯಲು ಹಳೆಯ ಕಾಲದ ತಂಗುಮನೆಗಳು ಇರುವುದು ಎರಡೇ. ಒಂದು ಕೆಂಪು ಮಹಾದ್ವಾರದ ಒಳಗೆ, ಇನ್ನೊಂದು ಹೊರಗೆ, ತುಸು ಕೆಳಗೆ. ವರ್ಷಕ್ಕೊಮ್ಮೆ ಬರುತ್ತಿದ್ದ ಚಿಜುರು ಮತ್ತು ಅವಳ ಗಂಡ ಕೆನ್ಸಾಕು ಇಪ್ಪತ್ತೊಂಬತ್ತು ವರ್ಷವೂ ಒಳಗಿನದನ್ನೇ ಆರಿಸಿದ್ದರು. ಹೊರಗಿನದೆಂದರೆ ಕೆನ್ಸಾಕುವಿಗೆ ತಾತ್ಸಾರ. "ಅಲ್ಲಿನ ಸ್ನಾನದ ತೊಟ್ಟಿ ಉಪ್ಪಿನಕಾಯಿ ಭರಣಿಯಷ್ಟಿದೆ. ಇಳಿದ್ರೆ ಮೂಲಂಗಿ ಥರಾ ನೆನೆದುಹೋಗ್ತೀನಿ," ಎನ್ನುತ್ತಿದ್ದ.

ಅವನು ತೀರಿಕೊಂಡು ಮೂವತ್ತೆಂಟು ದಿನವಾಗಿತ್ತು. ಚಿಜುರು ಇನ್ನೂ ಅತ್ತಿರಲಿಲ್ಲ. ಬೂದಿಯೊಳಗಿಂದ ಅವನ ಮೂಳೆಗಳನ್ನು ಪದ್ಧತಿಯಂತೆ ಜೋಡಿ ಕಡ್ಡಿಯಲ್ಲಿ ಎತ್ತಿಡುವಾಗಲೂ ಅಳಲಿಲ್ಲ. ಕಲ್ಲೆದೆಯವಳು ಎಂದು ನೆಂಟರು ಪಿಸುಗುಟ್ಟಿದ್ದು ಕಿವಿಗೆ ಬಿದ್ದಿತ್ತು. ಅದಕ್ಕೂ ಏನೂ ಅನಿಸಲಿಲ್ಲ. ಹೊತ್ತು ಹೊತ್ತಿಗೆ ಅನ್ನ ಮಾಡುತ್ತಿದ್ದಳು, ತಿನ್ನುತ್ತಿದ್ದಳು, ರುಚಿ ತಿಳಿಯುತ್ತಿರಲಿಲ್ಲ. ಆ ತಂಗುಮನೆಯಲ್ಲಿ ಇಬ್ಬರೂ ಉಳಿಯುತ್ತಿದ್ದ ಮಾಳಿಗೆಯ ಕೋಣೆಯಲ್ಲಿ ಒಂದು ದಿನ ಇದ್ದರೆ ಅಳು ಬಂದೀತು ಎಂಬ ಒಂದೇ ಆಸೆಯಿಂದ ಫೋನು ಮಾಡಿ ಕೋಣೆ ಹಿಡಿದು, ಬಸ್ಸು ಹತ್ತಿ ಬಂದಿದ್ದಳು.

ಮಹಾದ್ವಾರದ ಮುಂದೆ ಎಂದಿನಂತೆ ತಲೆ ಬಾಗಿಸಿದಾಗಲೇ ಸೂತಕದ ನೆನಪಾದದ್ದು. ಐವತ್ತು ದಿನ ಸಾವಿನ ಮೈಲಿಗೆ ದೇವರಿಗೆ ತಾಕಬಾರದೆಂದು ನಾದಿನಿ ಮನೆಯ ದೇವರಗೂಡಿಗೇ ಬಿಳಿ ಹಾಳೆ ಅಂಟಿಸಿ ಹೋಗಿದ್ದಳು. ಹಾಗಿರುವಾಗ ಈ ದ್ವಾರ ದಾಟಿ ದೇವರ ನೆಲಕ್ಕೇ ಕಾಲಿಡುವುದುಂಟೇ? ಆ ಹಾಳೆಯನ್ನು ದಿನಾ ನೋಡುತ್ತಿದ್ದವಳಿಗೆ ಇಷ್ಟು ಹೊಳೆಯಲಿಲ್ಲವೆಂದರೆ ಅವಳ ತಲೆ ಅಷ್ಟರ ಮಟ್ಟಿಗೆ ಮರಗಟ್ಟಿತ್ತು.

ಒಳಗಿಂದ ತಂಗುಮನೆಯ ಒಡತಿ ಬಂದಳು. ಎಪ್ಪತ್ತು ದಾಟಿದವಳು, ಊರೆಲ್ಲ ಅವಳನ್ನು ಒಕಾಮಿ-ಸಾನ್, ಅಂದರೆ ಒಡತಿಯಮ್ಮ, ಎಂದೇ ಕರೆಯುವುದು.

"ಬನ್ನಿ ಚಿಜುರು-ಸಾನ್. ಇದೇನು, ಹೊಸಬ್ರ ಹಾಗೆ ಅಲ್ಲೇ ನಿಂತುಬಿಟ್ರಿ? ಯಜಮಾನ್ರೆಲ್ಲಿ? ಮತ್ತೆ ಆ ಶ್ಯಾವಿಗೆ ಅಂಗಡೀಲಿ ಕೂತ್ಬಿಟ್ರಾ?"

ಹೂಂ ಎಂದರೆ ಸಾಕಿತ್ತು. ದೇವರೊಬ್ಬನ ಹೊರತು ಯಾರಿಗೂ ತಿಳಿಯುತ್ತಿರಲಿಲ್ಲ. ಮಾಳಿಗೆಯ ಕೋಣೆಯೂ ಸಿಗುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಈ ಮುದುಕಿಯ ಲೆಕ್ಕದಲ್ಲಿ ಕೆನ್ಸಾಕು ಈಗಲೂ ಅಂಗಡಿಯಲ್ಲಿ ಕೂತು ಸೊರ್ರನೆ ಶ್ಯಾವಿಗೆ ಹೀರುತ್ತಿದ್ದ. ಅವನು ಇನ್ನೂ ಬದುಕಿದ್ದದ್ದು ಅಲ್ಲೊಂದು ಕಡೆಯೇ. ಅಲ್ಲಿಂದಲೂ ಅವನನ್ನು ಎಬ್ಬಿಸಿ ಕಳಿಸಬೇಕೇ?

ಚಿಜುರು ಬಾಯಿ ತೆರೆದಳು. ಹೂಂ ಬರಲಿಲ್ಲ.

"ನಂಗೆ ಸೂತಕ, ಒಕಾಮಿ-ಸಾನ್. ಇವತ್ತಿಗೆ ಮೂವತ್ತೆಂಟು ದಿನ."

ಯಾರದು ಎಂದು ಮುದುಕಿ ಕೇಳಲಿಲ್ಲ. ಚಿಜುರುವಿನ ಬೆನ್ನ ಹಿಂದಿನ ಖಾಲಿ ದಾರಿಯನ್ನು ಸುಮ್ಮನೆ ನೋಡಿದಳು.

"ಒಳಗೆ ಕರೆಯೋ ಹಾಗಿಲ್ವಲ್ಲಮ್ಮಾ."

"ಗೊತ್ತು."

"ಕೆಳಗಿನ ಮನೆಗೆ ಹೇಳ್ತೀನಿ. ಯಜಮಾನ್ರಿಗೆ ಅದನ್ನ ಕಂಡ್ರೆ ಆಗ್ತಿರ್ಲಿಲ್ಲ. ಬೈಕೊಳ್ಳಲಿ ಬಿಡಿ."

ಮುದುಕಿ ತನ್ನ ನಿಲುವಂಗಿಯ ಅಗಲ ತೋಳಿನೊಳಗಿಂದ ಫೋನು ತೆಗೆದಳು. ಕಿವುಡರೊಂದಿಗೆ ಮಾತಾಡುವಂತೆ ಜೋರು ದನಿ. "ನಾನು, ಮೇಲಿನ ಮನೆಯವಳು. ನಮ್ಮವರೊಬ್ರನ್ನ ಕಳಿಸ್ತಿದೀನಿ. ಇಲ್ಲ, ಇಬ್ರಲ್ಲ. ಒಬ್ರೇ. ಒಂದು ಹಾಸಿಗೆ ಹಾಕು. ಊಟಾನೂ ಒಂದೇ."

ಈ ಮೂವತ್ತೆಂಟು ದಿನದಲ್ಲಿ ಜನ ಏನೇನೋ ಹೇಳಿದ್ದರು. ಅವನು ಪುಣ್ಯವಂತ ಎಂದಿದ್ದರು, ಧೈರ್ಯ ತಂದುಕೋ ಎಂದಿದ್ದರು. ಒಂದೇ ಹಾಸಿಗೆ, ಒಂದೇ ಊಟ ಎಂದು ಯಾರೂ ಹೇಳಿರಲಿಲ್ಲ. ಜೋಮು ಹಿಡಿದ ಕಾಲಿಗೆ ರಕ್ತ ಹರಿದಾಗ ಚುಚ್ಚುವಂತೆ ಎದೆಯೊಳಗೆ ಚುಚ್ಚತೊಡಗಿತು. ಅವಳು ದಾರಿಯ ಬದಿಯ ಕಲ್ಲಿನ ಮೇಲೆ ಕೂತಳು. ತುಟಿ ಕಚ್ಚಿ ದ್ವಾರದ ಕಡೆ ನೋಡಿದಳು, ದೇವರ ಎದುರು ಅತ್ತರೆ ತಪ್ಪಾದೀತೆಂಬಂತೆ.

ಒಕಾಮಿ-ಸಾನ್ ದ್ವಾರ ದಾಟಿ ಹೊರಗೆ ಬಂದು ಪಕ್ಕದಲ್ಲಿ ಕೂತು ಅವಳ ಕೈ ಹಿಡಿದಳು.

"ಬೇಡ, ಮುಟ್ಬೇಡಿ," ಎಂದಳು ಚಿಜುರು.

"ಒಳಗೆ ಹೋಗುವಾಗ ಮೈಮೇಲೆ ಉಪ್ಪು ಎರಚ್ಕೊಂಡ್ರಾಯ್ತು, ನಂಗಂಟಿದ ಮೈಲಿಗೆ ಹೋಗುತ್ತೆ. ಇದು ಹೊರಗಡೆ, ಚಿಜುರು-ಸಾನ್. ಇಲ್ಲಿ ಅಳಬಹುದು."

ಚಿಜುರು ಅತ್ತಳು.