ಮಾವನ ಕೈಯ ಕಷಾಯ

ತುಳುವರ ಆಟಿ ತಿಂಗಳ ಅಮಾವಾಸ್ಯೆಯ ಕಷಾಯ ಕುಡಿದ ಮರುದಿನ ಸಂಜೆ ಸುಪ್ರಿತಾ ರೈ ಇನ್ನೂರು ಮೀಟರ್ ಬಟರ್‌ಫ್ಲೈಯಲ್ಲಿ ತನ್ನದೇ ರಾಷ್ಟ್ರೀಯ ದಾಖಲೆಯನ್ನು ಮುರಿದಳು. ಮಂಗಳೂರಿನ ಕೊಳದ ಗೋಡೆಗೆ ಎರಡೂ ಕೈ ಮುಟ್ಟಿಸಿ ತಿರುಗಿ ನೋಡಿದಾಗ ಪಕ್ಕದ ಲೇನಿನ ಹುಡುಗಿ ಇನ್ನೂ ನೀರು ಸೀಳುತ್ತಿದ್ದಳು. ಗ್ಯಾಲರಿಯಲ್ಲಿ ಸಂಕಪ್ಪ ಮಾವ ಎದ್ದು ನಿಂತಿದ್ದರು. ತಾವೇ ಈಜಿ ಬಂದವರಂತೆ ಏದುಸಿರು ಬಿಡುತ್ತಿದ್ದರು. ಇದು ಆಯ್ಕೆ ಕೂಟ. ಮುಂದಿನ ಒಲಿಂಪಿಕ್ಸಿಗೆ ಅವಳ ಜಾಗ ಆ ಕ್ಷಣಕ್ಕೆ ಗಟ್ಟಿಯಾಗಿತ್ತು. ಅವಳು ಎಂದಿನಂತೆ ಉದ್ದೀಪನ ಮದ್ದಿನ ಪರೀಕ್ಷೆಗೆ ಮೂತ್ರದ ಮಾದರಿ ಕೊಟ್ಟಳು, ಸಹಿ ಹಾಕಿದಳು, ಮರೆತಳು.

ಮಳೆಗಾಲ ಮುಗಿಯುವ ಹೊತ್ತಿಗೆ ಫಲಿತಾಂಶ ಬಂತು. ಮಾದರಿಯಲ್ಲಿ ಸ್ಟ್ರಿಕ್ನಿನ್ ಇತ್ತು, ಕ್ರೀಡೆಯಲ್ಲಿ ನಿಷೇಧಿಸಿದ ಉತ್ತೇಜಕ.

ಮೊದಲು ಅವಳಿಗೆ ನಗು ಬಂತು. ಇಲಿ ಪಾಷಾಣಕ್ಕೆ ಹಾಕುವ ವಿಷ ಅದು. ಈ ಕಾಲದ ಯಾವ ಈಜುಗಾರ್ತಿ ಗೆಲ್ಲಲಿಕ್ಕೆಂದು ಅದನ್ನು ನುಂಗುತ್ತಾಳೆ? ಅದೇ ಮಾದರಿಯ ಎರಡನೇ ಬಾಟಲಿಯ ಪರೀಕ್ಷೆಯೂ ಅದನ್ನೇ ಹೇಳಿದಾಗ ನಗು ನಿಂತಿತು. ಕಳೆದ ಒಲಿಂಪಿಕ್ಸಿನಲ್ಲಿ ಅವಳು ಸೆಮಿಫೈನಲ್ ಈಜಿದವಳು, ಏಷ್ಯಾದ ಚಿನ್ನ ತಂದವಳು. ಮುಚ್ಚಳ ತೆರೆದಿಟ್ಟ ನೀರಿನ ಬಾಟಲಿಯನ್ನು ಕೋಚ್ ಕೊಟ್ಟರೂ ಕುಡಿಯದವಳು. ಒಲಿಂಪಿಕ್ಸ್ ಗ್ರಾಮದಲ್ಲಿ ಊಟಕ್ಕೆ ಕೂತಾಗ ಬಾಟಲಿಯನ್ನು ಮೊಣಕಾಲುಗಳ ನಡುವೆ ಹಿಡಿದುಕೊಳ್ಳುತ್ತಿದ್ದಳು. ಜೊತೆಯ ಹುಡುಗಿಯರು ಅದನ್ನು ನೋಡಿ ತಮಾಷೆ ಮಾಡುತ್ತಿದ್ದರು. ಕೆಮ್ಮಿದರೆ ಜೇನು ಸಹ ಮುಟ್ಟುತ್ತಿರಲಿಲ್ಲ.

ಅಂಥವಳು ಕಣ್ಣು ಮುಚ್ಚಿ ಕುಡಿದದ್ದು ಒಂದೇ ಒಂದು ಲೋಟ. ಅದನ್ನು ಕೊಟ್ಟದ್ದು ಮಾವ.

ಅವರ ಮನೆ ಕೊಯಿಲದ ಸರಕಾರಿ ಜಾನುವಾರು ಫಾರ್ಮಿನ ಬೇಲಿಗೆ ತಾಗಿಕೊಂಡೇ ಇದೆ. ಅಪ್ಪ ಮುಂಬಯಿಯ ಹೋಟೆಲಿನಲ್ಲಿ, ಬಂದರೆ ಅತಿಥಿ. ತಾಯಿಯ ಕಡೆಯಿಂದ ನಡೆಯುವ ಮನೆತನ ಅದು. ತಾಯಿಯ ಅಣ್ಣನೇ, ಅಂದರೆ ಮಾವನೇ, ಯಜಮಾನ. ಸುಪ್ರಿತಾಳ ಸೊಂಟಕ್ಕೆ ಎರಡು ಒಣ ತೆಂಗಿನಕಾಯಿ ಕಟ್ಟಿ ಕುಮಾರಧಾರೆಗೆ ಇಳಿಸಿದವರು ಸಂಕಪ್ಪ ರೈಗಳು. ಹೊಟ್ಟೆಯ ಕೆಳಗೆ ಅವರ ಅಂಗೈ ಇದ್ದರೆ ಅವಳಿಗೆ ಹೊಳೆಯ ಆಳದ ಲೆಕ್ಕವಿರಲಿಲ್ಲ. ಜಿಲ್ಲೆ, ರಾಜ್ಯ, ರಾಷ್ಟ್ರ ಅಂತ ಒಂದೊಂದೇ ದಾಖಲೆ ಬಿದ್ದ ಹಾಗೆ ಮಾವನ ಹೆಸರೂ ಬೆಳೆಯಿತು. ಶಾಲೆಯ ವಾರ್ಷಿಕೋತ್ಸವಗಳಲ್ಲಿ ಅವರು ಮುಖ್ಯ ಅತಿಥಿ. ಮೈಕ್ ಸಿಕ್ಕಿದರೆ ಅವರ ಭಾಷೆಯೇ ಬದಲಾಗುತ್ತಿತ್ತು. ಪಠ್ಯಪುಸ್ತಕದ ಕನ್ನಡ, ಒಂದು ಅಕ್ಷರ ನುಂಗದ ಕನ್ನಡ.

ಆಟಿ ಅಮಾವಾಸ್ಯೆಯ ದಿನ ಸುತ್ತಲಿನ ಮನೆಗಳಿಗೆ ಕಷಾಯಕ್ಕೆಂದು ಪಾಲೆ, ಅಂದರೆ ಹಾಲೆ ಮರದ ತೊಗಟೆ ತಂದು ಕೊಡುವುದೂ ಆ ಮನೆಯ ಯಜಮಾನನದೇ ಹಕ್ಕು. ಆ ಒಂದು ದಿನ ಲೋಕದ ಔಷಧವೆಲ್ಲ ಪಾಲೆ ಮರದಲ್ಲಿ ಬಂದು ಸೇರುತ್ತದೆ ಎಂಬುದು ನಂಬಿಕೆ. ಕ್ರಮ ಕಟ್ಟುನಿಟ್ಟು. ಹಿಂದಿನ ದಿನ ಬೆಳಕಿರುವಾಗಲೇ ಹೋಗಿ ಮರವನ್ನು ಗುರುತಿಸಿ ನೂಲು ಕಟ್ಟಿ ಬರಬೇಕು. ಮರುದಿನ ಬೆಳಗಾಗುವ ಮೊದಲು ದೀಪವಿಲ್ಲದೆ, ಮಾತಿಲ್ಲದೆ, ಮೈಮೇಲೆ ಬಟ್ಟೆಯಿಲ್ಲದೆ ಹೋಗಿ ತೊಗಟೆ ತೆಗೆಯಬೇಕು. ಕತ್ತಿ ಮುಟ್ಟಿಸುವಂತಿಲ್ಲ, ಕಲ್ಲಿನಿಂದಲೇ ಜಜ್ಜಬೇಕು. ಕತ್ತಲಲ್ಲಿ ಕೈಗೆ ನೂಲು ಸಿಕ್ಕಿದರೆ ಮರ ಸಿಕ್ಕಿದ ಹಾಗೆ. ಅದೇ ಗುಡ್ಡದಲ್ಲಿ ಕಾಸರಕನ ಮರಗಳೂ ಇವೆ. ಅದು ವಿಷದ ಮರ ಎಂದು ಊರಿನಲ್ಲಿ ಎಲ್ಲರಿಗೂ ಗೊತ್ತು. ಅದರ ವಿಷದ ಹೆಸರು ಸ್ಟ್ರಿಕ್ನಿನ್ ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಅದನ್ನು ಹುಡುಕಿ ತೆಗೆದವಳು ಆಯಿಶತ್ ಶಿಫಾ. ಶಾಲೆಯಲ್ಲಿ ಸುಪ್ರಿತಾಳ ಬೆಂಚಿನವಳು, ಈಗ ಪುತ್ತೂರಿನ ದರ್ಬೆಯಲ್ಲಿ ವಕೀಲೆ. ಅಮಾವಾಸ್ಯೆಯ ದಿನ ಸುಪ್ರಿತಾಳ ನೆರೆಮನೆಯ ಕುಕ್ಕಪ್ಪನಿಗೆ ದವಡೆ ಕಚ್ಚಿಕೊಂಡು, ಕಾಲು ಸೆಟೆದು, ಆಸ್ಪತ್ರೆಗೆ ಹಾಕಿದ್ದು ಅವಳಿಗೆ ನೆನಪಿತ್ತು. ಎಲ್ಲರೂ ಅದನ್ನು ವಾಯು ಅಂದಿದ್ದರು. ಅವನೂ ಕುಡಿದದ್ದು ಅದೇ ಕಷಾಯ. ಶಿಫಾ ಹೋಗಿ ಕೇಳಿದಾಗ ಕುಕ್ಕಪ್ಪ, ದೊಡ್ಡ ಮನೆಯವರ ವಿಷಯಕ್ಕೆ ತನ್ನನ್ನು ಎಳೆಯಬೇಡಿ ಎಂದು ಒಳಗೆ ಹೋದ.

ಸುಪ್ರಿತಾ ಅಡುಗೆಮನೆಯಲ್ಲಿ ತಾಯಿಯನ್ನು ತೊಗಟೆಯ ಬಗ್ಗೆ ಕೇಳಿದಳು. ವಾರಿಜಾಕ್ಷಿ ಮೀನು ತೊಳೆಯುತ್ತಿದ್ದರು. ಬಹಳ ಹೊತ್ತು ತೊಳೆದರು.

"ಒಂದು ತುಂಡಿನಲ್ಲಿ ಹಾಲೇ ಇರಲಿಲ್ಲ," ಅಂದರು.

ಪಾಲೆಯ ತೊಗಟೆಯನ್ನು ಗೀರಿದರೆ ಬಿಳಿ ಹಾಲು ಒಸರುತ್ತದೆ. ಕಾಸರಕನಲ್ಲಿ ಹಾಲಿಲ್ಲ. ಬೆಳ್ಳುಳ್ಳಿ, ಕಾಳುಮೆಣಸು, ಓಮ ಹಾಕಿ ಪ್ರತಿವರ್ಷ ಅದನ್ನು ಅರೆಯುವ ಹೆಂಗಸಿಗೆ ಇದು ತಿಳಿಯದ ವಿಷಯವಲ್ಲ.

"ಅಣ್ಣನಿಗೆ ತೋರಿಸಿದೆ. ಮಳೆಗೆ ತೊಳೆದು ಹೋಗಿರ್ತದೆ, ಅರೆ ಅಂದ. ಅರೆದೆ."

"ಮತ್ತೆ ನನಗೆ ಯಾಕೆ ಕೊಡ್ಲಿಕ್ಕೆ ಬಿಟ್ಟದ್ದು?"

"ಅಣ್ಣ ತಂದದ್ದಲ್ಲವಾ ಮಾರಾಯ್ತಿ," ಅಂದರು ವಾರಿಜಾಕ್ಷಿ. ಸುಪ್ರಿತಾಳೂ ಅದೇ ಕಾರಣಕ್ಕೆ ಕುಡಿದವಳು.

ಮುಂದಿನ ಭಾನುವಾರ ಶಿಫಾ, ಸುಪ್ರಿತಾ ಗುಡ್ಡ ಹತ್ತಿದರು. ದೊಡ್ಡ ಪಾಲೆಯಿಂದ ನಾಲ್ಕು ಮಾರು ಆಚೆ ಇದ್ದ ಕಾಸರಕನ ಕಾಂಡದಲ್ಲಿ ಅಂಗೈ ಅಗಲದ ಗಾಯವಿತ್ತು. ಕಲ್ಲಿನಿಂದ ಜಜ್ಜಿದ ಗಾಯ. ಅಂಚು ಉಬ್ಬಿ, ಮಾಯುತ್ತ ಬಂದಿತ್ತು. ಶಿಫಾ ಎಲ್ಲ ಕಡೆಯಿಂದ ಫೋಟೋ ತೆಗೆದಳು. ಆಮೇಲೆ ಮಾವನನ್ನೂ ಕರೆತಂದರು. ಅವರು ಗಾಯದ ಮೇಲೆ ಬೆರಳಾಡಿಸಿದರು, ಪಾಲೆಯನ್ನು ನೋಡಿದರು, ಮತ್ತೆ ಇದನ್ನು ನೋಡಿದರು.

"ನೂಲು ಕಟ್ಟಿರಲಿಲ್ಲ," ಅಂದರು. "ಹಿಂದಿನ ದಿನ ಬರ್ಲಿಕ್ಕೆ ಆಗ್ಲಿಲ್ಲ ಮಗಳೇ. ದರ್ಬೆಯಲ್ಲಿ ನಿನ್ನ ಸನ್ಮಾನ ಇತ್ತಲ್ಲ."

ಅಂದು ದರ್ಬೆಯ ಸಭಾಭವನದಲ್ಲಿ ಶಾಲು, ಪೇಟ, ಹಣ್ಣಿನ ಬುಟ್ಟಿ ಸಿಕ್ಕಿದ್ದು ಮಾವನಿಗೆ. ಸುಪ್ರಿತಾ ಮಂಗಳೂರಿನ ಕೊಳದಲ್ಲಿದ್ದಳು, ಮನೆ ಮುಟ್ಟಿದ್ದು ರಾತ್ರಿ. ಅವಳು ತಿದ್ದಲಿಲ್ಲ. ಮಾವ ತಾವಾಗಿಯೇ ಹೇಳಿದರು: ಮೊದಲು ಪಾಲೆಯದೇ ತೆಗೆದೆ, ಮನೆಗಳು ಜಾಸ್ತಿ, ಸಾಕಾಗಲಿಲ್ಲ, ಪಕ್ಕದ್ದೂ ಪಾಲೆಯೇ ಅಂದುಕೊಂಡೆ. ವಿಚಾರಣೆಯಲ್ಲಿ ಇದನ್ನೇ ಹೇಳುತ್ತೇನೆ ಅಂದರು.

ಶಿಫಾ ಅದನ್ನು ಬರೆಸಿ ಸಹಿ ಹಾಕಿಸಿಕೊಳ್ಳಬೇಕೆಂದಳು. ಮಾವನ ಮುಖ ಸಣ್ಣದಾಯಿತು. ತಮ್ಮ ಬಾಯಿಮಾತಿಗೆ ಬೆಲೆ ಇಲ್ಲವೇ ಎಂದು ಅವರು ಕೇಳಿದ್ದು ಶಿಫಾಳನ್ನು, ನೋಡಿದ್ದು ಸುಪ್ರಿತಾಳನ್ನು. ಸುಪ್ರಿತಾ ಗೆಳತಿಯ ಕೈ ಹಿಡಿದು ಪಕ್ಕಕ್ಕೆ ಎಳೆದಳು.

"ಮಾವನ ಹತ್ತಿರ ಸಹಿ ಹಾಕಿಸಿಕೊಳ್ಳುದಾ? ಬೇಡ ಮಾರಾಯ್ತಿ. ಅವರು ಹೇಳಿದರೆ ಹೇಳಿದ್ದೇ."

ಹೀಗೆ ಆ ಮಾತು ಗುಡ್ಡದಲ್ಲೇ ಉಳಿಯಿತು.

ಪ್ರಕರಣ ಕಷ್ಟದ್ದಲ್ಲ ಎಂದು ಶಿಫಾ ವಿವರಿಸಿದ್ದಳು. ವಿಷ ಎಲ್ಲಿಂದ ಬಂತು, ಅದು ಕೈತಪ್ಪು ಎಂದು ತೋರಿಸಿದರೆ ಎಚ್ಚರಿಕೆ ಕೊಟ್ಟು ಬಿಡಬಹುದು, ಒಲಿಂಪಿಕ್ಸ್ ಉಳಿಯುತ್ತದೆ. ತೋರಿಸಲಾಗದಿದ್ದರೆ ಎರಡು ವರ್ಷ ನಿಷೇಧ, ಒಲಿಂಪಿಕ್ಸ್ ಹೋಗುತ್ತದೆ. ಸುಪ್ರಿತಾ ಬೆಳಗ್ಗೆ ಎದ್ದು ಅಭ್ಯಾಸ ಮುಂದುವರಿಸಿದಳು. ತಾತ್ಕಾಲಿಕ ಅಮಾನತು ಇದ್ದುದರಿಂದ ಕೊಳಕ್ಕೆ ಹೋಗುವಂತಿರಲಿಲ್ಲ, ಹೊಳೆಯಲ್ಲೇ ಈಜಿದಳು. ಹೊಳೆಯ ಹರಿವಿಗೆ ಎದುರಾಗಿ ಕೈ ಬೀಸುತ್ತ, ನಿಂತಲ್ಲೇ ನಿಂತು, ತೋಳು ಸೋಲುವವರೆಗೆ.

ಅಷ್ಟರಲ್ಲಿ ಊರಿಗೆ ವಾಸನೆ ಹತ್ತಿತು. ಹಾಲಿನ ಡೈರಿಯ ಮೆಟ್ಟಿಲಲ್ಲಿ ಯಾರೋ, "ರೈಗಳೇ, ಬರುವ ವರ್ಷ ಕಷಾಯದೊಟ್ಟಿಗೆ ಒಂದು ಆಂಬುಲೆನ್ಸ್ ಸಹ ತರಿಸಿ ಆಯ್ತಾ," ಅಂದರಂತೆ. ಉಳಿದವರು ನಕ್ಕರಂತೆ. ಅಂದಿನಿಂದ ಮಾವ ಡೈರಿಗೆ ತಾವು ಹೋಗುವುದನ್ನು ಬಿಟ್ಟರು. ಊಟಕ್ಕೆ ಕೂತರೆ ತಲೆ ಎತ್ತುತ್ತಿರಲಿಲ್ಲ. ಪಶ್ಚಾತ್ತಾಪ ಎಂದುಕೊಂಡ ಸುಪ್ರಿತಾ ಅವರ ತಟ್ಟೆಗೆ ತಾನೇ ಸಾರು ಬಡಿಸಿದಳು.

ವಿಚಾರಣೆ ನಡೆದದ್ದು ದರ್ಬೆಯಲ್ಲಿ, ಚಪ್ಪಲಿ ಅಂಗಡಿಯ ಮೇಲಿನ ಶಿಫಾಳ ಆಫೀಸಿನಲ್ಲಿ, ಕಂಪ್ಯೂಟರಿನ ಪರದೆಯ ಮೇಲೆ. ದಿಲ್ಲಿಯಲ್ಲಿ ಕೂತ ಉದ್ದೀಪನ ಮದ್ದು ತಡೆ ಸಮಿತಿಯ ಮೂವರು ಪ್ರಶ್ನೆ ಕೇಳುತ್ತಿದ್ದರು. ಒಬ್ಬಳು ಹೆಂಗಸು ಅದನ್ನು ಕನ್ನಡಕ್ಕೆ ತರುತ್ತಿದ್ದಳು, ಕನ್ನಡವನ್ನು ಅವರಿಗೆ ಮುಟ್ಟಿಸುತ್ತಿದ್ದಳು. ಮಾವ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ ಬಂದಿದ್ದರು. ಮೈಕ್ ಅವರ ಮುಂದೆ ಇತ್ತು.

ಯಾವ ಮರದ ತೊಗಟೆ ಎಂದು ಕೇಳಿದರು.

"ಪಾಲೆ ಮರದ್ದು," ಅಂದರು ಮಾವ. "ನಮ್ಮ ಹಿರಿಯರ ಕಾಲದಿಂದ ಅದೊಂದೇ ಮರ. ಹಿಂದಿನ ದಿನ ನಾನೇ ಹೋಗಿ ನೂಲು ಕಟ್ಟಿ ಬಂದಿದ್ದೆ."

ಸುಪ್ರಿತಾಳಿಗೆ ಮೊದಲು ಅರ್ಥವಾದದ್ದು ಮಾತಲ್ಲ, ಭಾಷೆ. ಅದು ಮೈಕಿನ ಕನ್ನಡವಾಗಿತ್ತು.

ಶಿಫಾ ಅವರನ್ನು ಬಿಡಲಿಲ್ಲ. ಅಂದು ಸಂಜೆ ತಾವು ಇದೇ ದರ್ಬೆಯ ವೇದಿಕೆಯಲ್ಲಿ ಇದ್ದಿರಲ್ಲ ಎಂದು ಕೇಳಿದಳು. ಹೊರಡುವ ಮೊದಲೇ ಕಟ್ಟಿದ್ದೆ ಎಂದರು. ಗುಡ್ಡದಲ್ಲಿ ನಮ್ಮಿಬ್ಬರ ಎದುರು ಹೇಳಿದ್ದೇನು ಎಂದು ಕೇಳಿದಳು. ಮಗು ಬೇಸರದಲ್ಲಿತ್ತು, ಸಮಾಧಾನಕ್ಕೆ ಹೂಂಗುಟ್ಟಿದೆ ಎಂದರು. ಆಗ ಮೂವರಲ್ಲಿ ನಡುವಿನವರು ಗಾಯದ ಫೋಟೋವನ್ನು ಪರದೆಗೆ ತಂದು ಇದು ಏನು ಎಂದು ಕೇಳಿದರು.

ಮಾವ ಕನ್ನಡಕ ಏರಿಸಿ ಬಗ್ಗಿ ನೋಡಿದರು.

"ಇದು ಹೊಸ ಗಾಯ. ಅಮಾವಾಸ್ಯೆಯ ಬಹಳ ನಂತರ ಯಾರೋ ಮಾಡಿದ್ದು."

"ಯಾರು?"

"ನಾನು ಹೇಗೆ ಹೇಳಲಿ. ಆ ಮರವನ್ನು ನೋಡಲು ಹೋದವರು ಇವರಿಬ್ಬರೇ."

ಅನುವಾದದ ಹೆಂಗಸು ಒಂದು ಕ್ಷಣ ತಡೆದು, ಆಮೇಲೆ ಅದನ್ನು ಹೇಳಿದಳು. ದಿಲ್ಲಿಯ ಮೂವರೂ ಒಟ್ಟಿಗೆ ಏನೋ ಬರೆದುಕೊಂಡರು. ಶಿಫಾ ಎದ್ದು ನಿಂತಿದ್ದಳು. ಯಾವಾಗ ಎದ್ದಳೋ ಅವಳಿಗೂ ಗೊತ್ತಿರಲಿಲ್ಲ. ಸುಪ್ರಿತಾ ಮಾವನ ಕೈಗಳನ್ನು ನೋಡುತ್ತಿದ್ದಳು. ಹೊಳೆಯಲ್ಲಿ ಅವಳ ಹೊಟ್ಟೆಯ ಕೆಳಗೆ ಇದ್ದದ್ದು ಅವೇ.

ವಾರಿಜಾಕ್ಷಿಯವರನ್ನು ಕರೆದರು. ಶಿಫಾ ಬಾಯಿ ತೆರೆಯುವ ಮೊದಲು ಸುಪ್ರಿತಾ, ತಾನೇ ಕೇಳಬಹುದೇ ಎಂದು ಅನುಮತಿ ಬೇಡಿದಳು. ಕೊಟ್ಟರು.

"ಅಮ್ಮ, ಅರೆಯುವಾಗ ಎಲ್ಲ ತುಂಡಿನಲ್ಲೂ ಹಾಲು ಇತ್ತಾ?"

ವಾರಿಜಾಕ್ಷಿ ಸೆರಗನ್ನು ಸುತ್ತಿಕೊಂಡರು. ಮಗಳನ್ನು ನೋಡಲಿಲ್ಲ. ಅಣ್ಣನನ್ನೂ ನೋಡಲಿಲ್ಲ. ಮೇಜಿನ ಮೇಲಿದ್ದ ಪೆನ್ ಸ್ಟ್ಯಾಂಡನ್ನು ನೋಡಿ, "ಇತ್ತು," ಅಂದರು. "ಎಲ್ಲದರಲ್ಲೂ ಇತ್ತು."

ತೀರ್ಪು ಮುಂದೆ ತಿಳಿಸುವುದಾಗಿ ಹೇಳಿದರು. ಸಾಕ್ಷ್ಯವನ್ನು ತಿರುಚಿದ ಶಂಕೆ ಇರುವುದರಿಂದ ಆ ವಿಚಾರವನ್ನು ಬೇರೆಯಾಗಿ ಪರಿಶೀಲಿಸುವುದಾಗಿಯೂ ಹೇಳಿದರು. ಪರದೆ ಕಪ್ಪಾಯಿತು. ಹಾಗಂದರೇನೆಂದು ಶಿಫಾ ವಿವರಿಸಬೇಕಾಗಲಿಲ್ಲ. ಸುಳ್ಳು ಪುರಾವೆ ತಯಾರಿಸಿದವರಿಗೆ ಎರಡಲ್ಲ, ನಾಲ್ಕು ವರ್ಷ. ನಾಲ್ಕು ವರ್ಷ ನೀರಿನಿಂದ ಹೊರಗಿದ್ದ ಈಜುಗಾರ್ತಿಗೆ ಹಿಂದಿರುಗಲು ಏನೂ ಉಳಿದಿರುವುದಿಲ್ಲ.

ಮಾವ ಮೈಕಿನಿಂದ ದೂರ ಸರಿದರು. ದನಿ ಮನೆಯದಾಯಿತು.

"ನಿನಗೆ ಇನ್ನೂ ಪ್ರಾಯ ಉಂಟು ಮಗಳೇ. ನೀನು ಎಲ್ಲಿ ಹೋದರೂ ಬದುಕುತ್ತಿ. ನನಗೆ ಈ ಊರಲ್ಲೇ ಸಾಯ್ಲಿಕ್ಕೆ ಇರುದು. ವಿಷ ಕೊಟ್ಟವ ಅಂತ ಹೇಳಿಸಿಕೊಂಡು ಸಾಯ್ಲಿಕ್ಕೆ ಆಗುದಿಲ್ಲ."

ಆಮೇಲೆ, ಮಧ್ಯಾಹ್ನ ಆಯಿತು, ಎಲ್ಲಾದರೂ ಊಟ ಮಾಡಿ ಹೋಗುವ ಅಂದರು. ಕಾರು ತಿರುಗಿಸುತ್ತೇನೆಂದು ಮೆಟ್ಟಿಲು ಇಳಿದರು. ವಾರಿಜಾಕ್ಷಿ ಬಾಗಿಲಲ್ಲಿ ನಿಂತರು. ಮಗಳ ಹೆಗಲಿನ ಕಡೆಗೆ ಕೈ ಚಾಚಿದರು, ಮುಟ್ಟಲಿಲ್ಲ. "ಬೇಗ ಬಾ, ಅಣ್ಣ ಕಾಯ್ತಾನೆ," ಎಂದು ಹೇಳಿ ಅವರೂ ಇಳಿದರು.

ಶಿಫಾ ಕುರ್ಚಿ ಎಳೆದು ಎದುರು ಕೂತಳು. ತೀರ್ಪು ವಿರುದ್ಧ ಬಂದರೆ ಮೇಲ್ಮನವಿಗೆ ದಾರಿ ಉಂಟು, ಆದರೆ ಒಂದೇ ದಾರಿ ಎಂದಳು. ಸಾಕ್ಷಿ ಸುಳ್ಳು ಹೇಳಿದ್ದಾರೆಂದು ಹೆಸರು ಹಿಡಿದು ದೂರು ಕೊಡಬೇಕು. ಕುಕ್ಕಪ್ಪನ ಆಸ್ಪತ್ರೆಯ ಕಾಗದಗಳನ್ನು ಕೇಳಬೇಕು, ಪೊಲೀಸರನ್ನೂ ಮುಟ್ಟಬೇಕು, ಮರದ ಗಾಯ ಎಷ್ಟು ಹಳೆಯದೆಂದು ಅರಣ್ಯದವರಿಂದ ಹೇಳಿಸಬೇಕು. ಆಮೇಲೆ ಆ ಮನೆಗೆ ಹೋಗ್ಲಿಕ್ಕೆ ಆಗುದಿಲ್ಲ ಎಂದೂ ಹೇಳಿದಳು. ನಿನ್ನ ತಾಯಿಯ ಹೆಸರನ್ನು ಬಿಡಬಹುದಾ ನೋಡುವ ಎಂದಳು.

ಕೆಳಗೆ ರಸ್ತೆಯಲ್ಲಿ ಹಾರ್ನ್ ಆಯಿತು. ಅದು ಯಾರ ಕಾರು ಎಂದು ಇಬ್ಬರಿಗೂ ಗೊತ್ತಿತ್ತು.

"ಬಿಡುದು ಬೇಡ," ಅಂದಳು ಸುಪ್ರಿತಾ. "ಇಬ್ಬರದ್ದೂ ಬರಿ."

ಶಿಫಾ ಕಂಪ್ಯೂಟರನ್ನು ತನ್ನ ಕಡೆ ತಿರುಗಿಸಿಕೊಂಡು ಟೈಪ್ ಮಾಡತೊಡಗಿದಳು. ಸಂಕಪ್ಪ ರೈ, ಕೊಯಿಲ ಗ್ರಾಮ, ಕಡಬ ತಾಲೂಕು. ಬೆರಳು ನಿಲ್ಲಿಸಿ ಕೇಳಿದಳು:

"ಸಂಬಂಧದಲ್ಲಿ ನಿನಗೆ ಎಂತ ಆಗಬೇಕು ಅಂತ ಹಾಕುದು?"

ಹಾರ್ನ್ ಇನ್ನೊಮ್ಮೆ ಆಯಿತು, ಈ ಸಲ ಉದ್ದಕ್ಕೆ. ಸುಪ್ರಿತಾ ಎದ್ದು ಹೋಗಿ ಕಿಟಕಿ ಮುಚ್ಚಿ ಬಂದಳು.

"ಎಂತ ಸಹ ಹಾಕಬೇಡ," ಅಂದಳು. "ಹೆಸರು ಸಾಕು."